ಅತ್ತೆಯ ಹಗುರ ಕಾರಿಗೆ ಸ್ಪ್ರಿಂಗ್ ಹುಡುಕಿದ್ದು

ಕೊಟ್ಟೂರಿನಲ್ಲಿ ನನ್ನದು ಟ್ರ್ಯಾಕ್ಟರ್, ಲಾರಿಗಳ ಬಿಡಿಭಾಗ ಮಾರುವ ಸಣ್ಣ ಅಂಗಡಿ. ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷ ಕಳೆದಿದ್ದವು. ಒಂದು ಮಧ್ಯಾಹ್ನ ಗಿರಾಕಿಯೊಬ್ಬನಿಗೆ ಫ್ಯಾನ್ ಬೆಲ್ಟ್ ತೆಗೆದುಕೊಡುತ್ತಿದ್ದೆ. ಬಾಗಿಲ ಮುಂದೆ ಕೆಂಪನೆಯ, ಟಾಪೇ ಇಲ್ಲದ, ಎರಡೇ ಸೀಟಿನ ಕಾರೊಂದು ಬಂದು ನಿಂತಿತು. ಸ್ಟೀರಿಂಗ್ ಹಿಡಿದು ಕೂತಿದ್ದವಳು ನನ್ನ ಸೋದರತ್ತೆ.

ನನ್ನ ಕೈಯಲ್ಲಿದ್ದ ಬೆಲ್ಟ್ ಜಾರಿ ಬಿತ್ತು. ಗಿರಾಕಿ ಅದನ್ನು ಎತ್ತಿಕೊಳ್ಳದೆ ಅವಳನ್ನೇ ನೋಡುತ್ತಿದ್ದ.

ಅತ್ತೆ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬಳೇ ಇದ್ದಳು. ಸರ್ಕಾರಿ ನರ್ಸ್. ಮದುವೆ ಬೇಡವೆಂದು ಅಜ್ಜನಿಗೆ ಎದುರು ನಿಂತವಳು. ಸರ್ವೀಸ್ ಪೂರ್ತಿ ಮೊಪೆಡ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದವಳು. ಆಗಷ್ಟೇ ನಿವೃತ್ತಳಾಗಿದ್ದಳು. ಅವಳು ತೀರ್ಥಯಾತ್ರೆಗೆ ಹೋಗುತ್ತಾಳೆಂದು ಮನೆಮಂದಿಯೆಲ್ಲ ಅಂದುಕೊಂಡಿದ್ದೆವು.

"ಅತ್ತಿ, ಯಾರದಿದು ಗಾಡಿ?" ಅಂದೆ.

"ಯಾರದಂದ್ರ? ನಂದ. ಹೊಸಪೇಟಿ ಗಣಿ ಗುತ್ತಿಗೆದಾರನ ಮಗ ಮಾರಾಕ ಇಟ್ಟಿದ್ದ, ತಗೊಂಡೆ. ಒಂದು ಗೆರಿ ಸೈತ ಬಿದ್ದಿಲ್ಲ ಅಂದ. ಬಾ, ಕೂಡು."

ಕೂತೆ. ಕುಂಡೆ ನೆಲಕ್ಕೇ ತಾಗಿದಂತಿತ್ತು. ಕೂಡ್ಲಿಗಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಹಲ್ಲುಗಳೆಲ್ಲ ಒಂದಕ್ಕೊಂದು ಬಡಿದವು. ಫೈಬರಿನ ಮೈ, ಪುಟ್ಟ ಎಂಜಿನ್. ಹಿಂದಿನ ಬಂಪರ್ ಹಿಡಿದು ಇಬ್ಬರು ಎತ್ತಿದರೆ ಚಕ್ರ ನೆಲ ಬಿಡುತ್ತಿತ್ತು. ಆದರೆ ಹಳೆಯ ಸ್ಪ್ರಿಂಗುಗಳು ಕುಸಿದು ಕೂತಿದ್ದವು. ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆಯೇ ಉಳಿದಿರಲಿಲ್ಲ. ಸಣ್ಣ ಗುಂಡಿಗೂ ದಡ್ ಎಂದು ತಳ ಬಡಿಯುತ್ತಿತ್ತು. ಮೊದಲೊಮ್ಮೆ ಕಾನಹೊಸಹಳ್ಳಿಯ ಹಂಪ್ ಮೇಲೆ ಕಾರಿನ ಹೊಟ್ಟೆ ಸಿಕ್ಕಿಕೊಂಡು, ಬಸ್ಸಿಗೆ ಕಾದಿದ್ದವರು ಬಂದು ನೂಕಿದರಂತೆ.

"ಇದನ್ನೊಂದು ಸರಿಮಾಡಿಸಿಕೊಡು ನನಗ. ಮೊಪೆಡ್ ತುಳಿದೂ ತುಳಿದೂ ನಡು ಮೊದಲ ಹೋಗೈತಿ," ಅಂದಳು.

ಕಂಪನಿಯ ಅಸಲಿ ಸಾಮಾನು ಗೋವಾದಿಂದ ಬರಬೇಕಿತ್ತು. ಫೋನ್ ಮಾಡಿ ದರ ಕೇಳಿದೆ. ಕೇಳಿದವನು ರಿಸೀವರ್ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅತ್ತೆಯ ಪಿಂಚಣಿಗೆ ಅದು ನಿಲುಕುವ ಮಾತಲ್ಲ. ಹಾಗಾಗಿ ಬೇರೆ ಗಾಡಿಗಳ ಸಾಮಾನಿನಲ್ಲಿ ಯಾವುದು ಹೊಂದುತ್ತದೆ ಎಂದು ಹುಡುಕುವುದೇ ಉಳಿದ ದಾರಿ. ಹರಪನಹಳ್ಳಿಯಲ್ಲಿ ನನಗೆ ಬೇಕಾದವರೇ ಆದ ಮೆಕ್ಯಾನಿಕ್ ಒಬ್ಬರಿದ್ದರು. ಊರವರಿಗೆಲ್ಲ ಸಾಬರು, ನನಗೆ ಚಾಚಾ. ಕಾರನ್ನು ಅವರ ಶೆಡ್ಡಿಗೆ ಒಯ್ದೆವು.

ಚಾಚಾ ಕಾರನ್ನು ಒಂದು ಸುತ್ತು ಹಾಕಿ ನಕ್ಕರು. "ಇದು ಗಾಡಿನೋ, ಆಟದ ಸಾಮಾನೋ? ಬಂದೈತಲ್ಲ, ಮಾಡೋಣ ಬಿಡ್ರಿ ಅಮ್ಮಾರ."

ದಾರಿಗಳು ಹಲವಿದ್ದವು. ಕುಸಿದ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುರುಕುವುದು ತೀರಾ ಅಗ್ಗದ್ದು. ಕಾರು ಎತ್ತರವಾಗುತ್ತದೆ, ಸವಾರಿ ಮಾತ್ರ ಕಲ್ಲಿನಂತಾಗುತ್ತದೆ. ಸಣ್ಣ ಕಾರಿನ ಸ್ಪ್ರಿಂಗ್ ಹಾಕಬಹುದು. ಆದರೆ ಅದು ತೀರಾ ಮೆತ್ತಗೆ ಅಂದರು ಚಾಚಾ. ಹತ್ತು ಜನರನ್ನು ತುಂಬಿಕೊಂಡು ಓಡುವ ವ್ಯಾನಿನ ಸ್ಪ್ರಿಂಗ್ ದಪ್ಪ, ಸುಲಭಕ್ಕೆ ಕುಸಿಯುವುದಿಲ್ಲ, ದಾವಣಗೆರೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು ಅವರಿಗೂ ಅನಿಸಿತು, ನನಗೂ ಅನಿಸಿತು. ಲಾರಿ, ಟ್ರ್ಯಾಕ್ಟರಿನ ಲೋಕದಲ್ಲಿ ಬೆಳೆದವರು ನಾವು. ವ್ಯಾನಿನದೇ ಹಾಕಿದೆವು. ಕೆಳಗಿನ ಬೋಲ್ಟ್ ಬಿಚ್ಚಿದರೆ ಸ್ಪ್ರಿಂಗ್ ಬದಲಿಸಲು ಬರುತ್ತಿತ್ತು. ಎಣ್ಣೆ ಸೋರಿದ ಶಾಕುಗಳನ್ನು ಮುಂದೆ ನೋಡೋಣ ಎಂದು ಹಾಗೇ ಬಿಟ್ಟೆವು.

ಕಾರು ಎತ್ತರಕ್ಕೆ ನಿಂತಿತು. ಅತ್ತೆ ಖುಷಿಯಿಂದ ಒಯ್ದಳು. ಮುಂದಿನ ವಾರ ಉಚ್ಚಂಗಿದುರ್ಗದ ಗುಡ್ಡ ನೋಡಿಬರೋಣ ಎಂದು ನನ್ನನ್ನೂ ಕರೆದಳು.

ದುರ್ಗದ ದಾರಿಯಲ್ಲಿ ಡಾಂಬರು ಚೆನ್ನಾಗಿತ್ತು. ತಿರುವಿನಲ್ಲೊಂದು ಉಬ್ಬು, ಗೇಣೆತ್ತರವೂ ಇಲ್ಲ. ಕಾರು ಅದರ ಮೇಲೆ ಹಾರಿತು. ಇಳಿದಾಗ ದಪ್ಪ ಸ್ಪ್ರಿಂಗ್ ಅದನ್ನು ಮತ್ತೆ ಚಿಮ್ಮಿಸಿತು, ಹಿಂದಿನ ಚಕ್ರಗಳು ಕುಣಿದವು, ಹಿಂಭಾಗ ಪಕ್ಕಕ್ಕೆ ಎಳೆದುಕೊಂಡು ಹೋಯಿತು. ಆಕಾಶ, ಹೊಲ, ಸೇತುವೆಯ ಕಲ್ಲು, ಮತ್ತೆ ಹೊಲ ಕಂಡವು. ಎಲ್ಲ ನಿಂತಾಗ ನಾವು ಬಂದ ದಾರಿಯತ್ತಲೇ ಮುಖ ಮಾಡಿ ನಿಂತಿದ್ದೆವು. ಸೇತುವೆಯ ಕಟ್ಟೆ ನನ್ನ ಮೊಣಕೈಗೆ ನಿಲುಕುವಷ್ಟು ಹತ್ತಿರವಿತ್ತು.

ಅತ್ತೆ ಸ್ಟೀರಿಂಗ್ ಬಿಡದೆ ಕೂತಿದ್ದಳು. ಹೊಲದಲ್ಲಿ ಕುರಿ ಬಿಟ್ಟುಕೊಂಡಿದ್ದ ಹೆಂಗಸೊಬ್ಬಳು ಓಡಿ ಬಂದಳು.

"ಎವ್ವಾ, ಎಲ್ಲಿ ಹೊಂಟೀರವ್ವ, ಈ ಕಡಿಗೋ ಆ ಕಡಿಗೋ?"

"ಈಗ ಮನಿಗಿ," ಅಂದಳು ಅತ್ತೆ. ಧ್ವನಿ ಅವಳದಾಗಿರಲಿಲ್ಲ.

ಇನ್ನು ಕಾರು ಮಾರಿಬಿಡುತ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ ಓಡಿಸಿಕೊಂಡು ಸೀದಾ ಚಾಚಾನ ಶೆಡ್ಡಿಗೆ ಬಂದಳು. ನಡೆದದ್ದನ್ನು ಕೇಳಿ ಚಾಚಾ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಯಾ ಅಲ್ಲಾ! ಗಟ್ಟಿದ ಹಾಕಿದ್ವಲ್ಲರಿ?"

"ಗಟ್ಟಿ ಆಗಿದ್ದಕ್ಕ ಹಿಂಗಾತು ಸಾಬ್ರ," ಅಂದಳು ಅತ್ತೆ. "ಹಸುಗೂಸಿನ ತೊಟ್ಟಿಲಿಗೆ ಎತ್ತಿನ ಬಂಡಿ ಹಗ್ಗ ಕಟ್ಟಿದಂಗ ಆಗೇತಿ. ಇದ್ರಾಗ ಭಾರ ಎಲ್ಲಿ ಐತಿ ಆ ಸ್ಪ್ರಿಂಗ್ ಒತ್ತಾಕ?"

ಮೂವರೂ ಸೇರಿ ಹಿಂಭಾಗವನ್ನು ಒತ್ತಿ ನೋಡಿದೆವು. ಸ್ಪ್ರಿಂಗ್ ಬಗ್ಗಲೇ ಇಲ್ಲ. ಬಗ್ಗದ ಸ್ಪ್ರಿಂಗು, ಅದರ ಕುಣಿತ ತಡೆಯಲಾರದ ಸತ್ತ ಶಾಕುಗಳು, ಹಗುರ ಗಾಡಿ: ಹಾರದೆ ಇನ್ನೇನು ಮಾಡೀತು? ಆವತ್ತು ಅಲ್ಲೇ ನಿರ್ಧಾರವಾಯಿತು. ಸಣ್ಣ ಕಾರಿನ ಮೆತ್ತನೆಯ ಸ್ಪ್ರಿಂಗ್ ಹಾಕುವುದು, ಉಳಿಸಿದ ದುಡ್ಡನ್ನೆಲ್ಲ ಒಳ್ಳೆಯ ಶಾಕುಗಳಿಗೆ ಸುರಿಯುವುದು. ಹುಬ್ಬಳ್ಳಿಯಲ್ಲಿ ಗ್ಯಾಸ್ ತುಂಬಿದ ಶಾಕುಗಳು ಸಿಕ್ಕವು. ಅಸಲಿ ಸಾಮಾನಿಗಿಂತ ಎಷ್ಟೋ ಅಗ್ಗ.

ಅವನ್ನು ಹಾಕಲು ಈ ಸಲ ಶಾಕಿನ ಮೇಲಿನ ತುದಿಯನ್ನೂ ಬಿಚ್ಚಬೇಕಿತ್ತು. ಅದು ಸೀಟಿನ ಹಿಂದೆ ಕಾರ್ಪೆಟ್ಟಿನ ಅಡಿಯಲ್ಲಿತ್ತು. ಅತ್ತೆಯೂ ಬಂದಿದ್ದಳು. ಚಾಚಾ ಕಾರ್ಪೆಟ್ ಸುಲಿದರು. ಶಾಕ್ ಕೂರುವ ಜಾಗದಲ್ಲಿ ಕಪ್ಪು ಬಣ್ಣ ಒಂದಿಷ್ಟು ಹೆಚ್ಚೇ ದಪ್ಪವಾಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರು. ಬಣ್ಣ ಎದ್ದಿತು, ಅದರಡಿಯ ಪುಟ್ಟಿ ಎದ್ದಿತು, ಅದರಡಿಯಲ್ಲಿ ಅಂಟು ಹಚ್ಚಿ ಸುತ್ತಿದ ಬಟ್ಟೆ. ಬಟ್ಟೆ ಕಿತ್ತಾಗ ಇಡೀ ಕಾರನ್ನು ಹೊರುವ ಚಾಸಿಯ ಕಬ್ಬಿಣದ ಪೈಪು ಕಂಡಿತು. ಅದು ಅಡ್ಡಕ್ಕೆ ಸೀಳಿಹೋಗಿತ್ತು. ಸೀಳಿನ ಒಳಗೆ ಹಳೆಯ ತುಕ್ಕು, ಅಂಚಿನಲ್ಲಿ ಮಾತ್ರ ಹೊಸದಾಗಿ ಹರಿದ ಬಿಳಿ ಲೋಹ.

ಚಾಚಾ ಪೈಪನ್ನು ಹಿಡಿದು ಅಲ್ಲಾಡಿಸಿದರು. ಎರಡು ತುಂಡುಗಳೂ ಬೇರೆ ಬೇರೆಯಾಗಿ ಅಲ್ಲಾಡಿದವು.

"ಅಮ್ಮಾರ, ಆವತ್ತು ದುರ್ಗದ ದಾರ್ಯಾಗ ಇದು ಪೂರ್ತಿ ಕಳಚಿದ್ರ..." ಅಂದರು.

ಅತ್ತೆ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತಳು. ರಕ್ತ, ಸಾವು ಎಲ್ಲ ಕಂಡವಳು. ಅವಳು ಹಾಗೆ ಕುಸಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅತ್ತಿ, ನಮಗೇನೂ ಆಗಿಲ್ಲಲ್ಲ," ಅಂದೆ.

"ನಮ್ಮ ಮಾತಲ್ಲೋ," ಅಂದಳು. "ದುರ್ಗಕ್ಕ ಹೋಗೋ ಮುಂಚಿನ ದಿನ ಹೊಳಲಿಗೆ ಹೋಗಿದ್ದೆ. ಅಲ್ಲೊಬ್ಬ ಬಾಣಂತಿ, ಕೂಸಿಗೆ ಉಸಿರು ಸರಿ ಬರಾಕ ಒಲ್ಲದು. ಬೇರೆ ಗಾಡಿ ಇರಲಿಲ್ಲ. ತಾಯಿನ ಈ ಸೀಟಿನ್ಯಾಗ ಕುಂದರಿಸಿ, ಕೂಸನ್ನ ಆಕಿ ಉಡ್ಯಾಗ ಹಾಕಿ ಹಡಗಲಿ ದವಾಖಾನಿಗೆ ಜೋರು ಓಡಿಸಿಕೊಂಡು ಹೋದೆ. ಇದರ ಮ್ಯಾಲ!"

ಆ ಸೀಟಿಗೂ ಆ ಸೀಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಚಾಚಾ ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು. "ಕೂಸು ಹೆಂಗೈತ್ರಿ?" ಎಂದು ಕೇಳಿದವರು ಅವರೇ.

"ಚಲೋ ಐತಿ. ಹಾಲು ಕುಡ್ಯಾಕ ಹತ್ತೈತಿ."

ಅತ್ತೆ ಎದ್ದು ರಸ್ತೆಯಾಚೆಯ ಬೂತಿನಿಂದ ಕಾರು ಮಾರಿದವನಿಗೆ ಫೋನ್ ಮಾಡಿ, ಕಾಗದಪತ್ರದ ಕೆಲಸವಿದೆ ಬಾ ಎಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ಮರುದಿನ ದೊಡ್ಡ ಜೀಪಿನಲ್ಲಿ ಬಂದ. ಮೂವತ್ತರ ಆಸುಪಾಸಿನವನು, ಮೆತ್ತನೆಯ ಮಾತಿನವನು. ಅತ್ತೆ ಅವನನ್ನು ಕರೆದೊಯ್ದು ಸೀಳನ್ನು ತೋರಿಸಿದಳು. ಅವನು ಗಾಬರಿಯಾಗುತ್ತಾನೆ, ಆಣೆ ಮಾಡುತ್ತಾನೆ, ಇಲ್ಲವೇ ಕೂಗಾಡುತ್ತಾನೆ ಎಂದು ಕಾದೆ.

"ಹೌದ್ರಿ, ಗೊತ್ತಿತ್ತು," ಅಂದ. "ರಿವರ್ಸ್ ಹೋಗೋವಾಗ ಲಾರಿಗೆ ಗುದ್ದಿದ್ದೆ. ನೀವು ವಯಸ್ಸಾದೋರು, ಮೆಲ್ಲಕ ಓಡಸ್ತೀರಿ, ಏನೂ ಆಗಂಗಿಲ್ಲ ಅನ್ಕೊಂಡೆ."

ನನಗೆ ಸೇತುವೆಯ ಕಲ್ಲು ಕಂಡಾಗಲೂ ಇಷ್ಟು ದಿಗಿಲಾಗಿರಲಿಲ್ಲ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ಹವಾಮಾನದ ಮಾತಾಡುವವನಂತೆ ಹೇಳಿದ್ದ. ಚಾಚಾ ಸ್ಪ್ಯಾನರ್ ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಅತ್ತೆ ಕೈ ಅಡ್ಡ ಹಿಡಿದಳು.

"ಬೆರಳಿಡಪ್ಪ ಅದ್ರಾಗ," ಅಂದಳು ಅವನಿಗೆ.

"ಯಾಕ್ರಿ?"

"ಇಡು. ಹೇಳ್ತೀನಿ."

ಅವನು ನಗುತ್ತಲೇ ಸೀಳಿನಲ್ಲಿ ಬೆರಳಿಟ್ಟ. ಅತ್ತೆ ಹೊಳಲಿನ ಬಾಣಂತಿಯ ವಿಷಯವನ್ನು ಮೊದಲಿಂದ ಹೇಳಿದಳು. ಒಂದೂ ಬೈಗುಳವಿಲ್ಲ, ಗಟ್ಟಿ ಧ್ವನಿಯೂ ಇಲ್ಲ. ಕೂಸು ಎಷ್ಟು ಸಣ್ಣದಿತ್ತು, ಅದರ ತುಟಿ ಹೇಗೆ ನೀಲಿಗಟ್ಟಿತ್ತು, ತಾಯಿ ಸೆರಗಿನಿಂದ ಗಾಳಿಗೆ ಅದರ ಮುಖ ಹೇಗೆ ಮುಚ್ಚಿಕೊಂಡಿದ್ದಳು ಎಂಬುದನ್ನೆಲ್ಲ ಹೇಳಿದಳು. ಅವನ ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ. ಬೆರಳು ಎಳೆದುಕೊಂಡು, "ಸಾಕ್ರಿ," ಅಂದ. ಹೊರಗೆ ಹೋಗಿ ಜೀಪಿಗೆ ಆತುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಬಂದು, ಚಾಸಿಯ ಕೆಲಸ ತಾನೇ ಮಾಡಿಸಿಕೊಡುತ್ತೇನೆ ಅಂದ. ಮಾತಿನಂತೆ ಮಾಡಿಸಿಯೂ ಕೊಟ್ಟ.

ಟ್ರೈಲರ್ ಕಟ್ಟುವವರ ಬಳಿ ಸೀಳಿದ ಪೈಪು ಕತ್ತರಿಸಿ, ಒಳಗೊಂದು ಪೈಪು ಕೂರಿಸಿ ವೆಲ್ಡಿಂಗ್ ಮಾಡಿಸಿದೆವು. ಮೇಲೆ ಬಣ್ಣ ಬಳಿಯುವುದು ಬೇಡ, ಕಾಣುತ್ತಿರಲಿ ಎಂದಳು ಅತ್ತೆ. ಆಮೇಲೆ ಮೆತ್ತನೆಯ ಸ್ಪ್ರಿಂಗು, ಹುಬ್ಬಳ್ಳಿಯ ಶಾಕುಗಳು ಕೂತವು. ಹಿಂಭಾಗ ಒತ್ತಿ ಬಿಟ್ಟರೆ ಕಾರು ಒಮ್ಮೆ ಎದ್ದು ಸುಮ್ಮನಾಗುತ್ತಿತ್ತು. ಚಾಚಾ ಅದನ್ನು ಮತ್ತೆ ಮತ್ತೆ ಒತ್ತಿ ನೋಡಿದರು.

ಮೊದಲ ಸವಾರಿಗೆ ನಾನು ಒಲ್ಲೆನೆಂದೆ. ಅತ್ತೆ ಬಿಡಲಿಲ್ಲ. ಆ ಕೂಸನ್ನು ನೋಡಿಕೊಂಡು ಬರೋಣ ಎಂದು ಕರೆದೊಯ್ದಳು. ಹೊರಟಾಗ ನನ್ನ ಎರಡೂ ಪಾದಗಳು ನೆಲ ಒತ್ತಿ ಹಿಡಿದಿದ್ದವು, ಕೈ ಬಾಗಿಲು ಹಿಡಿದಿತ್ತು. ಗುಂಡಿ ಬಂತು, ಚಕ್ರ ಇಳಿದು ಹತ್ತಿದ್ದು ಗೊತ್ತಾಯಿತು, ಮೈಗೆ ಪೆಟ್ಟು ಬರಲಿಲ್ಲ. ಇನ್ನೊಂದು ಗುಂಡಿ ಬಂತು. ಮತ್ತೊಂದು. ಜೋಳದ ಹೊಲಗಳ ಮೇಲಿನ ಗಾಳಿ ಮುಖಕ್ಕೆ ಹಿತವಾಗಿ ತಾಗುತ್ತಿತ್ತು. ಯಾವಾಗ ಕಣ್ಣು ಮುಚ್ಚಿತೋ ಕಾಣೆ, ಅತ್ತೆ ಭುಜ ಅಲ್ಲಾಡಿಸಿದಾಗಲೇ ಎಚ್ಚರ.

"ಏಳಲೇ, ಹಡಗಲಿ ಬಂತು. ಕೂಸಿನ ತಲಿಗೆ ಒಂದು ಕುಂಚಿಗಿ ತಗೊಳ್ಳೋಣ."