ಹೊಸನಗರದ ಸಭೆ ನಿಂದು ಎಂದವರು

ಯಾರಾದರೂ ತಪ್ಪಾಗಿ ಓದಿದರೆ ಉಪದೇಶಿಗಳ ಕಿವಿ ಮೊದಲು ಕೆಂಪಾಗುತ್ತಿತ್ತು, ಮುಖ ಆಮೇಲೆ. ದೊಡ್ಡ ಕಿವಿಗಳು, ತುಸು ಮುಂದಕ್ಕೆ ಬಾಗಿದವು. ಸಾಗರದ ಚರ್ಚಿನ ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಓದುವಾಗ ನಾವು ಮೂವರೂ ಪುಸ್ತಕದಿಂದ ಕಣ್ಣೆತ್ತಿ ಆ ಕಿವಿಗಳನ್ನು ನೋಡಿಕೊಳ್ಳುತ್ತಿದ್ದೆವು.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಸಭೆಗೆ ಸ್ವಂತ ಅಯ್ಯನವರು, ಅಂದರೆ ಪಾದ್ರಿಗಳು, ಇರಲಿಲ್ಲ. ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ಭಾನುವಾರಗಳ ಆರಾಧನೆ, ಕಾಯಿಲೆಯವರ ಮನೆಯ ಪ್ರಾರ್ಥನೆ, ಮಕ್ಕಳ ಪಾಠ ಎಲ್ಲವೂ ಉಪದೇಶಿಗಳ ತಲೆಯ ಮೇಲೆ. ಹೊಸನಗರ, ತೀರ್ಥಹಳ್ಳಿಗಳಲ್ಲಿ ನಮ್ಮವರದು ನಾಲ್ಕಾರು ಮನೆಗಳು. ಅಣೆಕಟ್ಟಿನ ಕೆಲಸಕ್ಕೆಂದು ಬಂದವರದು ಇನ್ನಷ್ಟು. ಒಬ್ಬರೇ ಎಷ್ಟು ಕಡೆ ಓಡಾಡುವುದು? ಆರಾಧನೆ ನಡೆಸಬಲ್ಲ ಎಳೆಯರನ್ನು ತಾವೇ ತಯಾರು ಮಾಡಲು ಹೊರಟರು. ಬಡಗಿಯ ಮಗ ಯೋಹಾನ, ಅವನ ಗೆಳೆಯನೊಬ್ಬ, ಮತ್ತೆ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನಾನು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. "ಹುಡುಗ್ರ ಜೊತೆ ಇವಳೆಂತಕ್ಕೆ?" ಎಂದು ಅವಳು ಕೇಳಿದ್ದಕ್ಕೆ, "ಮೂವರಲ್ಲಿ ಓದಕ್ಕೆ ಬರೋದು ಇವಳಿಗೊಬ್ಬಳಿಗೇ" ಎಂದರು ಉಪದೇಶಿಗಳು.

ಹಾಡಿನಿಂದ ಶುರುವಾಗುತ್ತದೆ ಎಂದುಕೊಂಡಿದ್ದೆವು. ಹಾರ್ಮೋನಿಯಂ ಮುಟ್ಟಲೂ ಬಿಡಲಿಲ್ಲ. ಒಂದೇ ಕೀರ್ತನೆಯನ್ನು ವಾರವಿಡೀ ಓದಬೇಕು; ಗಟ್ಟಿಯಾಗಿ, ಆಮೇಲೆ ಮೆಲ್ಲಗೆ, ಆಮೇಲೆ ಪುಸ್ತಕ ಮುಚ್ಚಿ ನಮ್ಮದೇ ಮಾತಿನಲ್ಲಿ. "ಇದನ್ನ ಹೇಳಿದವನು ಉಂಡಿದ್ನಾ, ಹಸಿದಿದ್ನಾ? ಯಾರ ಮೇಲೆ ಸಿಟ್ಟು ಬಂದಿತ್ತು?" ಎಂದು ಪೀಡಿಸುತ್ತಿದ್ದರು. "ಅರ್ಥ ಆಗದ್ದನ್ನ ಹಾಡಬೇಡಿ ಮಾರಾಯ್ರೆ, ದೇವರಿಗೆ ನಿದ್ದೆ ಬರ್ತದೆ."

ಬೈಬಲಿನಲ್ಲಿ, ಅತ್ತೆಯನ್ನು ಬಿಡದೆ ಅವಳ ಊರಿಗೆ ಬಂದ ವಿಧವೆ ಸೊಸೆಯ ಕಥೆ ಓದಿದ ದಿನ ನಾನೊಂದು ಮಾತು ಹೇಳಿದೆ. ಊರ ಹೆಂಗಸರ ಮುಂದೆ ಅತ್ತೆ ತಾನು ಬರಿಗೈಯಲ್ಲಿ ಬಂದೆ ಎಂದು ಅಳುತ್ತಾಳೆ. ಆಗ ಸೊಸೆ ಪಕ್ಕದಲ್ಲೇ ನಿಂತಿದ್ದಾಳೆ. ಅವಳು ಲೆಕ್ಕಕ್ಕೇ ಇಲ್ಲವೇ? ಅದನ್ನು ಕೇಳಿಸಿಕೊಂಡೂ ಅವಳು ಮರುದಿನ ಅತ್ತೆಗಾಗಿ ತೆನೆ ಆಯಲು ಹೋದಳಲ್ಲ, ದೊಡ್ಡದು ಅದು. ಉಪದೇಶಿಗಳು ಪುಸ್ತಕ ಎಳೆದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು. "ಇಷ್ಟು ವರ್ಷ ಓದಿದೀನಿ, ನಂಗಿದು ಕಂಡಿರಲಿಲ್ಲ" ಎಂದರು. ಆ ಖುಷಿಗೆ ಮನೆಯವರೆಗೂ ಓಡಿಕೊಂಡೇ ಹೋಗಿದ್ದೆ.

ಮೊದಲ ಸಲ ಹೊಸನಗರಕ್ಕೆ ಅವರೇ ಕರೆದುಕೊಂಡು ಹೋದರು. ಅಲ್ಲಿನ ಟೀಚರಮ್ಮನ ಮನೆಯ ಜಗಲಿಯಲ್ಲಿ ಆರಾಧನೆ. ನಾನು ನಡೆಸಿದೆ, ಅವರು ಹಿಂದೆ ಕೂತು ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ, "ಇನ್ನು ಹೊಸನಗರದ ಸಭೆ ನಿಂದು ಸುಗುಣಾ. ಸಭೆ ನೋಡಕ್ಕೆ ಮೇಲಿನ ಹಿರಿಯರು ಬರ್ಲಿ, ನಾನೇ ಹೇಳಿ ನೇಮಕ ಮಾಡಿಸ್ತೀನಿ" ಎಂದರು. ಆಮೇಲೆ ನಾನೊಬ್ಬಳೇ ಹೋಗತೊಡಗಿದೆ. ಆ ಮಧ್ಯೆ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಹೋಗಲೇಬೇಕೆಂದು ಅಮ್ಮ ಹಟ ಹಿಡಿದಳು. ಉಪದೇಶಿಗಳು ಮನೆಗೆ ಬಂದು, "ನಾನು ಮಾತು ಕೊಟ್ಟಿದೀನಲ್ಲಮ್ಮಾ" ಎಂದರು. ಸೀಟು ಬಿಟ್ಟೆ.

ಹಿರಿಯರು ಬಂದ ದಿನ ಅಮ್ಮನ ರೇಷ್ಮೆ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿ ಮುಂದೆ ಕೂತೆ. ಮೊದಲು ಯೋಹಾನ ಬೈಬಲಿನ ಒಂದು ಭಾಗದ ಮೇಲೆ ಪ್ರಸಂಗ ಮಾಡಬೇಕಿತ್ತು. ಅವನು ಎತ್ತಿಕೊಂಡದ್ದೇ ಅತ್ತೆ ಸೊಸೆಯ ಕಥೆ. ಪಕ್ಕದಲ್ಲಿ ನಿಂತ ಸೊಸೆ, ಬರಿಗೈ ಎಂಬ ಮಾತು, ತೆನೆ ಆಯಲು ಹೋದದ್ದು, ಎಲ್ಲ ನನ್ನ ಮಾತುಗಳೇ. ಹಿರಿಯರು ತಲೆದೂಗಿದರು. "ಉಪದೇಶಿಗಳು ಕಲಿಸಿಕೊಟ್ಟಿದ್ದು" ಎಂದ ಯೋಹಾನ. ನಾನು ಅದನ್ನು ಹೇಳಿದ ದಿನ ಅವನು ಕೆಮ್ಮೆಂದು ಪಾಠಕ್ಕೆ ಬಂದಿರಲಿಲ್ಲ. ಅದು ಯಾರ ಮಾತೆಂದು ಪಾಪ ಅವನಿಗೆ ಗೊತ್ತಿರಲಿಲ್ಲ. ಉಪದೇಶಿಗಳಿಗೆ ಗೊತ್ತಿತ್ತು. ಅವರು ಕೈಮುಗಿದು ಮೆಚ್ಚುಗೆ ತೆಗೆದುಕೊಂಡರು.

ಆಮೇಲೆ ಹಿರಿಯರೊಬ್ಬರು ಕೇಳಿದರು: "ಹೊಸನಗರದಲ್ಲಿ ಹೆಣ್ಣುಮಗಳೊಬ್ಬಳು ಆರಾಧನೆ ನಡೆಸ್ತಾಳಂತೆ. ಯಾರು ಅಪ್ಪಣೆ ಕೊಟ್ಟಿದ್ದು?"

"ಅಪ್ಪಣೆ ಎಂತದೂ ಇಲ್ಲ ಸ್ವಾಮಿ" ಎಂದರು ಉಪದೇಶಿಗಳು. "ಮಕ್ಕಳಿಗೆ ಹಾಡು ಹೇಳಿಕೊಡು ಅಂತ ಕಳಿಸಿದ್ದೆ. ತಾನೇ ಮುಂದೆ ನಿಂತುಬಿಟ್ಟಿರಬೇಕು. ಸಣ್ಣ ವಯಸ್ಸು, ಉತ್ಸಾಹ ಜಾಸ್ತಿ. ಇನ್ನು ಕಳಿಸಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅವರೊಬ್ಬರು ತಿರುಗಲಿಲ್ಲ.

ಊಟದ ಹೊತ್ತಿಗೆ ಅವರನ್ನು ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದೆ. "ನೀವೇ ಹೇಳಿ ಕಳಿಸಿದ್ದಲ್ವಾ ಉಪದೇಶಿಗಳೇ?"

"ಮೆಲ್ಲಗೆ ಮಾತಾಡು ಮಾರಾಯ್ತಿ. ನಂಗೆ ಈ ಕೆಲಸ ಬಿಟ್ರೆ ಬೇರೆ ಎಂತ ಉಂಟು? ನೀನು ನಾಳೆ ಮದುವೆಯಾಗಿ ಹೋಗುವವಳು." ಕೈ ತೊಳೆದು, ಪಂಚೆಯ ತುದಿಗೆ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಹೇಳಿದರು: "ಬುಧವಾರ ಬಾ. ಪ್ರವಾದಿಗಳ ಪುಸ್ತಕ ಶುರು ಮಾಡೋಣ."

"ಓದಿ ಯಾರಿಗೆ ಹೇಳ್ಲಿ?" ಎಂದೆ. ಬುಧವಾರ ಹೋಗಲಿಲ್ಲ. ಮುಂದೆಂದೂ ಹೋಗಲಿಲ್ಲ.

ಹೊಸನಗರಕ್ಕೆ ಯೋಹಾನನನ್ನು ಕಳಿಸಿದರು. ಅವನು ಕೆಲವು ವಾರ ಹೋಗಿ ಬಿಟ್ಟುಬಿಟ್ಟ. ಟೀಚರಮ್ಮ ನನ್ನನ್ನು ಹುಡುಕಿಕೊಂಡು ಸಾಗರಕ್ಕೆ ಬಂದರು. "ನಾವೇನಾದ್ರೂ ತಪ್ಪು ಮಾತಾಡಿದ್ವಾ?" ಎಂದು ಕೇಳಿದಾಗ ಅವರ ಮುಂದೆ ಕೂತು ಅತ್ತುಬಿಟ್ಟೆ. ಮರುವರ್ಷ ಮತ್ತೆ ಅರ್ಜಿ ಹಾಕಿ ಟ್ರೈನಿಂಗಿಗೆ ಸೇರಿದೆ, ತೀರ್ಥಹಳ್ಳಿಯಲ್ಲಿ ಕೆಲಸವಾಯಿತು. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ, "ಇವನು ಉಂಡಿದ್ನಾ, ಹಸಿದಿದ್ನಾ?" ಎಂದು ಕೇಳುತ್ತಿದ್ದೆ. ಅದು ಯಾರ ದನಿಯೆಂದು ನೆನಪಾದಾಗಲೆಲ್ಲ ಬಾಯಿ ಕಹಿಯಾಗುತ್ತಿತ್ತು. ಬೇರೆ ರೀತಿಯಲ್ಲಿ ಕಲಿಸಲು ನನಗೆ ಬರುತ್ತಲೂ ಇರಲಿಲ್ಲ.

ಒಮ್ಮೆ ಉಪದೇಶಿಗಳು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಆ ನಾಲ್ಕಾರು ವರ್ಷಗಳಲ್ಲೇ ಮುದುಕರಾಗಿದ್ದರು. ಕಾಫಿ ಕುಡಿದರು, ಏನು ಓದುತ್ತಿದ್ದೀಯೆಂದು ಕೇಳಿದರು, ಒಂದು ಉಚ್ಚಾರ ತಿದ್ದಿದರು. ಅವತ್ತು ನಾನೇ ಕಳಿಸಿದ್ದು ಎಂಬ ಆ ಒಂದು ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಕೊಡೆ ತೆಗೆದುಕೊಂಡು ಹೊರಟುಹೋದರು.

ಆ ದಶಕ ಮುಗಿಯುವ ಹೊತ್ತಿಗೆ ತೀರಿಕೊಂಡರು. ಸಾಗರಕ್ಕೆ ಹೋದೆ. ಸಮಾಧಿಯ ಬಳಿ ಯೋಹಾನ ನನ್ನನ್ನು ಗುರುತಿಸಿ, "ಸುಗುಣಕ್ಕಾ, ಒಂದು ಭಾಗ ನೀವು ಓದಿ. ಅವರ ಹತ್ರ ಕಲಿತವರು ನೀವು" ಎಂದು ಎಲ್ಲರೆದುರು ಪುಸ್ತಕ ಚಾಚಿದ.

ಹೌದು, ಕಲಿತವಳು. ಅದನ್ನು ಅವರ ಬಾಯಿಂದ, ಅವರು ಬದುಕಿದ್ದಾಗ ಕೇಳಬೇಕಿತ್ತು. ತಲೆಯಾಡಿಸಿ ಬೇಡವೆಂದೆ. ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ, ಯಾರೊಂದಿಗೂ ಮಾತಾಡದೆ ಬಸ್ ಸ್ಟ್ಯಾಂಡಿಗೆ ನಡೆದೆ.