ಗುಂಜಿಯಲ್ಲಿ ಕೇಳಿಸದ ಮಾತು

ಗುಂಜಿ ನಿಲ್ದಾಣದ ಬಳಿಯ ಚಹದಂಗಡಿಯಲ್ಲಿ ಒಂಬತ್ತು ಮಂದಿ ಕಟ್ಟಡ ಕೂಲಿಗಳು ಸಂಸಾರಸಮೇತ ಕುಳಿತು, ಕೇವಲ ಕೈಸನ್ನೆಯಿಂದ ಮಾತನಾಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ತರಗತಿಯಲ್ಲಿ ‘ಸುಮ್ಮನಿರಿ’ ಎಂದು ಗದರಿದ ನನಗೆ ಇಂಥ ನಿಶ್ಶಬ್ದ ಎಂದೂ ದಕ್ಕಿರಲಿಲ್ಲ.

“ಎಲ್ಲರೂ ಮೂಗರೇನಮ್ಮಾ?” ಎಂದು ಅಂಗಡಿ ನಡೆಸುವ ನನ್ನ ಹಳೆಯ ವಿದ್ಯಾರ್ಥಿನಿಯನ್ನು ಕೇಳಿದೆ.

“ಅಲ್ರೀ ಸರ, ನಮ್ಮ ಕ್ಲಾಸಿನವರಕಿಂತ ಶಾಣ್ಯಾರದಾರ,” ಎಂದು ನಕ್ಕವಳು ದನಿ ತಗ್ಗಿಸಿದಳು. “ನಮ್ಮ ಪಶ್ಚಿಮ ಬಂಗಾಳದ ಮಂದಿ. ಬಾಂಗ್ಲಾದೇಶದಾಗೂ ಅದ ಭಾಷಾ ಐತಲ್ರೀ. ಆ ದೇಶಕ್ಕೂ ನಮಗೂ ಕೆಟ್ಟಾಗಿಂದ, ಬಾಯಿ ಬಿಟ್ಟರ ಗಡಿ ದಾಟಿಸಿ ಬಿಡ್ತಾರಂತ ಹೆದರ್ಯಾರ. ಸಂತ್ಯಾಗ ಮಾತಾಡಿದ ಇಬ್ಬರನ್ನ ಪೊಲೀಸರು ಕರಕೊಂಡು ಹೋದರು, ಇನ್ನೂ ಬಂದಿಲ್ಲ.”

ಜಾರುತ್ತಿದ್ದ ನನ್ನ ಕನ್ನಡಕವನ್ನು ಕಂಡು ಆ ಕೂಲಿಗಳ ಪುಟ್ಟ ಮಗಳೊಬ್ಬಳಿಗೆ ನಗು ಬಂತು. ಯಾರೂ ಅವಳನ್ನು ಗದರಲಿಲ್ಲ. ನಗು ಹೊರಡುವ ಮೊದಲೇ ಅವಳು ಎರಡೂ ಅಂಗೈಗಳಿಂದ ತನ್ನ ಬಾಯಿಯನ್ನು ಮುಚ್ಚಿಕೊಂಡಳು.