ಗಿರಿಜಕ್ಕನ ಅಳತೆಯ ಕಪಾಟು

ಸಂಜೆ ಬೇಕರಿ ಮುಚ್ಚಿ ಮನೆಗೆ ಬಂದು ದೀಪ ಹಾಕಿದರೆ, ಅಡುಗೆಮನೆಯ ಗೋಡೆ ತುಂಬ ತಿಳಿಹಸಿರು ಬಣ್ಣದ ಕಪಾಟುಗಳು. ಬೆಳಿಗ್ಗೆ ನಾನು ಹೊರಡುವಾಗ ಅಲ್ಲಿ ಬರೀ ಗೋಡೆ ಇತ್ತು. ಚಹಾ ಮಾಡೋಣವೆಂದು ಮೇಲಿನ ಸಾಲಿಗೆ ಕೈ ಚಾಚಿದೆ. ಬಾಗಿಲೇನೋ ತೆರೆಯಿತು, ಒಳಗಿನ ಸಕ್ಕರೆ ಡಬ್ಬ ಕೈಗೆ ಎಟುಕಲಿಲ್ಲ. ತುದಿಗಾಲಲ್ಲಿ ನಿಂತೆ. ಆಗಲೂ ಇಲ್ಲ. ಯಾರದೋ ಮನೆಗೆ ತಪ್ಪಿ ಬಂದವಳ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಚಹಾ ಕುಡಿಯದೆ ಮಲಗಿದೆ.

ಘಟ್ಟದ ಕೆಳಗಿರುವ ನಿಮಗೆ ನಾನು ಇಲ್ಲಿಗೆ ಬಂದ ಕತೆ ಹೇಳಬೇಕು. ಕುಂದಾಪುರದ ಕಡೆಯವರಾದ ನಾವು ಗಂಡ ಹೆಂಡತಿ ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ಬೇಕರಿ ಹಾಕಲು ಬಂದವರು. ಸ್ವಲ್ಪ ವರ್ಷ ದುಡಿದು ವಾಪಸು ಹೋಗುವುದು ಅಂತಲೇ ಬಂದದ್ದು. ಪುಟ್ಟ ಮನೆಯೊಂದನ್ನು ಕೊಂಡಾಗಲೂ ಬಾಯಲ್ಲಿ ಅದೇ ಮಾತು. ನಮಗೆ ಮಕ್ಕಳಿಲ್ಲ. ಹೋದ ವರ್ಷ ನನ್ನವರು ಬೇಕರಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಆಮೇಲೆ ನನಗೆ ಏನೂ ಅನ್ನಿಸುವುದು ನಿಂತುಹೋಯಿತು. ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಕುಂದಾಪುರದಿಂದ ಅಣ್ಣ ವಾರವಾರವೂ ಫೋನ್ ಮಾಡುತ್ತಾನೆ. "ಅಲ್ಲಿ ಒಬ್ಳೇ ಎಂತ ಮಾಡ್ತೆ? ಮನೆ ಮಾರಿ ಬಂದ್‌ಬಿಡ್ ಮಾರಾಯ್ತಿ." ಹೋಗುತ್ತೇನೆ ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಬೆಳಿಗ್ಗೆ ಎದ್ದು ಬೇಕರಿಗೆ ಹೋಗುವುದು, ಸಂಜೆ ಬರುವುದು, ಅಷ್ಟೇ ನಡೆಯುತ್ತಿತ್ತು.

ಗಿರಿಜಕ್ಕ ಪಕ್ಕದ ಮನೆಯವರು. ಜಗಳೂರಿನಿಂದ ಮದುವೆಯಾಗಿ ಬಂದವರು, ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಸೂತಕದ ಅಷ್ಟೂ ದಿನ ರೊಟ್ಟಿ, ಬೇಳೆ ಸಾರು ತಂದಿಟ್ಟರು. ಆ ದಿನಗಳು ಮುಗಿದ ಬೆಳಿಗ್ಗೆ ನಾನು ಒಲೆಯ ಮುಂದೆ ಸುಮ್ಮನೆ ನಿಂತದ್ದನ್ನು ಕಂಡು, "ಸರೀರಿ ಅತ್ಲಾಗೆ" ಎಂದು ತಾವೇ ಹಚ್ಚಿದರು. ಅಂದಿನಿಂದ ನನ್ನ ಮನೆಯ ಬೆಳಗಿನ ತಿಂಡಿ ಅವರ ಕೈಯಲ್ಲೇ. ನಮ್ಮ ಕಡೆ ನೆರೆಯವರು ಜಗಲಿಯವರೆಗೆ ಬಂದು "ಆಸ್ರಿಗೆ ಆಯ್ತಾ?" ಎಂದು ಚಹಾ ತಿಂಡಿ ವಿಚಾರಿಸಿ ಹೋಗುತ್ತಾರಲ್ಲ, ಇಲ್ಲಿಯವರು ಸೀದಾ ಅಡುಗೆಮನೆಗೇ ಬರುತ್ತಾರೆ. ಮೊದಲ ವರ್ಷಗಳಲ್ಲಿ ಇದು ನನಗೆ ಮುಜುಗರವಾಗುತ್ತಿತ್ತು. ಈಗ ಮುಜುಗರಪಡಲೂ ತ್ರಾಣವಿರಲಿಲ್ಲ.

ಹೊಸ ಕಪಾಟಿನ ಮಾತು ಬಂದದ್ದು ಗೆದ್ದಲಿನಿಂದ. ನಮ್ಮೂರಲ್ಲಿ ಮರಕ್ಕೆ ಮಳೆಗಾಲವೇ ಶತ್ರು. ಆಷಾಢ ಬಂತೆಂದರೆ ಕಪಾಟಿನ ಬಾಗಿಲು ಉಬ್ಬಿ ಮುಚ್ಚುವುದೇ ಇಲ್ಲ, ಉಪ್ಪು ನೀರಾಗುತ್ತದೆ. ಇಲ್ಲಿ ಉಪ್ಪು ಉದುರುದುರಾಗಿಯೇ ಇರುತ್ತದೆ, ಆದರೆ ಗೆದ್ದಲು ಸದ್ದಿಲ್ಲದೆ ಒಳಗಿನಿಂದ ತಿನ್ನುತ್ತದೆ. ಒಂದು ದಿನ ಹಳೆಯ ಹಲಗೆ ಡಬ್ಬಗಳ ಸಮೇತ ಕುಸಿಯಿತು. ಚೆಲ್ಲಿದ ಬೇಳೆಯನ್ನು ಗಿರಿಜಕ್ಕ ಗುಡಿಸಿದರು, ನಾನು ನೋಡುತ್ತಾ ನಿಂತೆ. ಮಾರನೆಯ ದಿನವೇ ಸಂತೇಬೆನ್ನೂರಿನ ಬಡಗಿ ಬಾಷಾಸಾಬರನ್ನು ಕರೆಸಿದರು. ಬೇಡವೆನ್ನುವುದಕ್ಕಿಂತ ಹೂಂ ಅನ್ನುವುದು ಸುಲಭವಾಗಿತ್ತು. ಹೂಂ ಅಂದೆ.

ಬಣ್ಣದ ತುಣುಕುಗಳನ್ನು ಅಂಟಿಸಿದ ದಪ್ಪ ಪುಸ್ತಕವನ್ನು ಬಾಷಾಸಾಬರು ನನ್ನ ತೊಡೆಯ ಮೇಲಿಟ್ಟರು. ನಾನು ಯಾವುದೋ ಒಂದರ ಮೇಲೆ ಬೆರಳಿಟ್ಟೆ.

"ಬೂದಿ ಬಣ್ಣ ಯಾಕ್ರೀ ಸುಮತಕ್ಕ? ಅಡಿಗಿ ಮನಿ ಐತೋ ಸುಡಗಾಡು ಐತೋ?" ಎಂದವರೇ ಗಿರಿಜಕ್ಕ ನಾಲಿಗೆ ಕಚ್ಚಿಕೊಂಡರು. ಆಮೇಲೆ ತಾವೇ ಹಾಳೆ ತಿರುವಿ ತಿಳಿಹಸಿರು ತೋರಿಸಿದರು. ಮಂಡಕ್ಕಿಗೆಂದು ಒಂದು ದೊಡ್ಡ ಖಾನೆಯನ್ನೂ ಹೇಳಿದರು. ಮಂಡಕ್ಕಿ ಎಂದರೆ ನಾವು ಚುರುಮುರಿಗೆ ಹಾಕುವ ಅದೇ ಹುರಿದು ಅರಳಿಸಿದ ಅಕ್ಕಿ. ನಮಗದು ಸಂಜೆಯ ಬಾಯಿಚಪಲ, ಇಲ್ಲಿ ಚೀಲಗಟ್ಟಲೆ ತಂದಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. "ಕೆಳಗಿನ ಮೂಲೇದು ನಿಮ್ಮ ಊರಿನ ಸಾಮಾನಿಗೆ ಇರ್ಲಿ. ಅದನ್ನ ನಾನು ತಗಿಯಾಕೆ ಹೋಗಲ್ಲ," ಎಂದರು. ಒಣ ಸೀಗಡಿಯ ಡಬ್ಬಕ್ಕೆ ಅದು. ಮಾಂಸ ಮೀನು ಮುಟ್ಟದ ಅವರು ಇಷ್ಟು ವರ್ಷ ಆ ವಾಸನೆಯ ಸುದ್ದಿ ಎತ್ತಿದವರಲ್ಲ.

ಕಪಾಟು ಕೂರಿಸಿದ ಮಾರನೆಯ ಬೆಳಿಗ್ಗೆ ಬಾಷಾಸಾಬರು ಉಳಿದ ಕೆಲಸಕ್ಕೆ ಬಂದರು. ಡಬ್ಬಗಳನ್ನೆಲ್ಲ ಅದರೊಳಗೆ ಜೋಡಿಸಿಟ್ಟಿದ್ದ ಗಿರಿಜಕ್ಕನೂ ಇದ್ದರು. ಮೇಲಿನದು ಎಟುಕುವುದಿಲ್ಲ ಅಂದೆ.

"ಎಟುಕಲ್ವಾ? ಅಳತೆ ತಗೊಂಡೇ ಹೊಡೆದಿದ್ದಲ್ರೀ ಅಕ್ಕಾರೆ," ಎಂದು ಬಾಷಾಸಾಬರು ಗಾಬರಿಯಾದರು.

"ಯಾರ ಅಳತೆ?"

"ಅಡಿಗಿ ಮಾಡೋರು ಕೈ ಎತ್ಬೇಕು, ಅಲ್ಲಿಗೆ ಗುರ್ತು ಹಾಕ್ತೀನಿ, ನಾನು ಮಾಡೋದೇ ಹಿಂಗೆ. ಅವತ್ತು ಬಂದಾಗ ಇವರು ಒಲೆ ಮುಂದೆ ಇದ್ರು. ಕೈ ಎತ್ರಿ ಅಂದೆ, ಎತ್ತಿದ್ರು."

ಗಿರಿಜಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. "ಅಯ್ಯೋ ಶಿವನೇ, ಅದು ಅಳತೆ ಅಂತ ನಂಗೇನ್ ಗೊತ್ತು? ಎತ್ರಿ ಅಂದ್ರು, ಎತ್ತಿದೆ."

ನಗು ಬರಬೇಕಾದ ಮಾತು. ನನಗೆ ಬಂದದ್ದು ಸಿಟ್ಟು. ಗಂಡ ಹೋದ ಮೇಲೆ ನನ್ನೊಳಗೆ ಮೊಟ್ಟಮೊದಲು ಕದಲಿದ್ದು ಅದೇ. "ಇದು ಯಾರ ಅಡುಗೆಮನೆ ಗಿರಿಜಕ್ಕ? ನಾನು ಇನ್ನೂ ಬದುಕಿದ್ದೇನಲ್ಲ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದರು. ಬಾಷಾಸಾಬರು ನಾಳೆ ಬಂದು ಕಪಾಟು ಕೆಳಗಿಳಿಸಿ ಕೊಡುತ್ತೇನೆಂದರು.

ಮರುದಿನ ಬೆಳಿಗ್ಗೆ ಗಿರಿಜಕ್ಕ ಬರಲಿಲ್ಲ. ಪಕ್ಕದ ಮನೆಯಲ್ಲಿ ಅವರು ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ನನ್ನ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ನಡುಮನೆಯಲ್ಲಿ ಕುಳಿತವಳಿಗೆ ಎಲ್ಲಿಂದಲೋ ಅಳು ಬಂತು. ಗಂಡನಿಗಾಗಿ ಅಳಬೇಕಾದದ್ದನ್ನೆಲ್ಲ ಸೇರಿಸಿ ಅತ್ತೆ. ಅಷ್ಟರಲ್ಲಿ ಬಾಷಾಸಾಬರು ಬಂದು, ನನ್ನ ಮುಖ ನೋಡಿಯೂ ನೋಡದವರಂತೆ ಕಪಾಟಿನ ಕೆಳಗೆ ನಿಂತರು.

"ಇಳಿಸಿದ್ರೆ ಹಳೇ ತೂತು ಕಾಣ್ತಾವೆ, ಅದಕ್ಕೇನೂ ಮಾಡಾಕೆ ಬರಲ್ಲ. ನಿಮ್ಮ ಕೈ ಎತ್ರಿ, ಗುರ್ತು ಹಾಕ್ತೀನಿ."

ಅಣ್ಣ ವಾರವಾರ ಕೇಳುತ್ತಿದ್ದ ಪ್ರಶ್ನೆಯನ್ನೇ ಇವರೂ ಕೇಳುತ್ತಿದ್ದಾರೆ ಅನ್ನಿಸಿತು. ಹೋಗುವವಳಿಗೆ ಕಪಾಟು ಯಾವ ಎತ್ತರದಲ್ಲಿದ್ದರೇನು? ಉಳಿಯುವವಳಾದರೆ ಇಳಿಸಿಕೊಳ್ಳಬೇಕು. ಇಳಿಸಿದರೆ ಎಲ್ಲವೂ ನನ್ನ ಕೈಗೇ ಸಿಗುತ್ತದೆ, ಬೆಳಿಗ್ಗೆ ಯಾರೂ ಒಳಗೆ ಬರಬೇಕಾಗಿಲ್ಲ. ಅದನ್ನು ನೆನೆದು ನನಗೆ ಹೆದರಿಕೆಯಾಯಿತು.

"ಬೇಡ. ಹಾಗೇ ಇರಲಿ," ಅಂದೆ.

ಅವರನ್ನು ಅಲ್ಲೇ ಬಿಟ್ಟು ಪಕ್ಕದ ಮನೆಗೆ ಹೋದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬಾಗಿಲಲ್ಲಿ ನಿಲ್ಲದೆ ಸೀದಾ ಅವರ ಅಡುಗೆಮನೆಯವರೆಗೆ ಹೋದೆ. "ಗಿರಿಜಕ್ಕ, ಸಕ್ಕರೆ ಡಬ್ಬ ಮೇಲೆ ಉಂಟು. ನನಗೆ ಸಿಗುವುದಿಲ್ಲ."

ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ, ಬೇಯಿಸಿ, ತೆಗೆದಿಟ್ಟು, ಆಮೇಲೆ ಎದ್ದರು. ನನ್ನ ಮನೆಗೆ ಬಂದು ಡಬ್ಬ ಇಳಿಸಿ ನನ್ನ ಕೈಗೆ ಕೊಟ್ಟು, ಇಷ್ಟು ದಿನ ಒಮ್ಮೆಯೂ ಕೇಳದ ಮಾತು ಕೇಳಿದರು.

"ಊರಿಗೆ ಹೋಗ್ತೀರೇನ್ರೀ?"

"ಇಲ್ಲ."

"ಹಂಗಾದ್ರೆ ಸಕ್ಕರೆ ಚಾಪುಡಿ ಕೆಳಗೆ ಇಟ್ಕೊಳ್ರಿ. ಹೊತ್ತಲ್ಲದ ಹೊತ್ತಿಗೆ ಬೇಕಾಗ್ತಾವೆ. ಉಳಿದಿದ್ದು ಮೇಲೇ ಇರ್ಲಿ," ಎಂದು ಒಲೆ ಹಚ್ಚಿದರು.

ಇದನ್ನು ಅಣ್ಣನಿಗೆ ಇನ್ನೂ ಹೇಳಿಲ್ಲ. ಮೊನ್ನೆ ಫೋನ್ ಮಾಡಿದವನು, ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ನಿನ್ನ ಮಂಚ ಹಾಕಿಸಿದ್ದೇನೆ, ಕಿಟಕಿ ತೆರೆದರೆ ಸಮುದ್ರ ಕೇಳುತ್ತದೆ ಎಂದ. ನನಗೂ ಕೇಳಿದ ಹಾಗಾಯಿತು. ಅಲ್ಲಿ ನನಗೆಂದೇ ಒಂದು ಕೋಣೆ ಖಾಲಿ ಇದೆ. ಇಲ್ಲಿ ನನ್ನದೇ ಮನೆಯ ಕಪಾಟು ತುಂಬಿದೆ, ನನಗೆ ಎಟುಕುವುದಿಲ್ಲ. ಬೆಳಗಾದರೆ ಹಿತ್ತಲ ಬಾಗಿಲಿನ ಚಿಲಕ ತೆಗೆದಿಟ್ಟು ಗಿರಿಜಕ್ಕನಿಗೆ ಕಾಯುತ್ತೇನೆ.